ಯಕೃತ್ತಿನ ಸೂಕ್ಷ್ಮ ರಕ್ತನಾಳಗಳು: ಆರೋಗ್ಯದಲ್ಲಿ, ರೋಗದಲ್ಲಿ

ಸ್ಕ್ಯಾನಿಂಗ್ ವರದಿಯನ್ನು ಕೈಯಲ್ಲಿ ಹಿಡಿದು ಬರುವ ಭಕ್ತರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಲಿವರ್ ದೊಡ್ಡದಾಗಿದೆ ಅಂತ ಬರೆದಿದ್ದಾರೆ, ಅಪಾಯವೇ?" ಗಾತ್ರದ ಬಗೆಗಿನ ಈ ಆತಂಕ ಸಹಜವಾದುದೇ. ಆದರೆ ಯಕೃತ್ತಿನ ನಿಜವಾದ ಕಥೆ ಅದರ ಗಾತ್ರದಲ್ಲಿಲ್ಲ. ಕೊಬ್ಬು ತುಂಬಿ ದೊಡ್ಡದಾದ ಯಕೃತ್ತು ಪಥ್ಯದಿಂದ, ದುಡಿಮೆಯಿಂದ ಮತ್ತೆ ಸಹಜಸ್ಥಿತಿಗೆ ಮರಳಬಲ್ಲದು. ಗಾತ್ರದಲ್ಲಿ ಸರಿಯಾಗಿಯೇ ಕಾಣುವ ಯಕೃತ್ತು ಒಳಗೊಳಗೇ ಗಟ್ಟಿಯಾಗುತ್ತ ಹೋಗಿರಲೂಬಹುದು. ಈ ವ್ಯತ್ಯಾಸವನ್ನು ನಿರ್ಧರಿಸುವುದು ಕೂದಲೆಳೆಗಿಂತಲೂ ಎಷ್ಟೋ ಪಾಲು ಸಣ್ಣದಾದ ರಕ್ತನಾಳಗಳು. ಸಾಮಾನ್ಯ ಸ್ಕ್ಯಾನಿಂಗ್ ಯಂತ್ರಕ್ಕೆ ಅವು ಕಾಣಿಸುವುದೇ ಇಲ್ಲ. ಹಾಗಾದರೆ ಅವುಗಳ ಸ್ಥಿತಿಯನ್ನು ತಿಳಿಯುವುದು ಹೇಗೆ? ಈ ಸಂಚಿಕೆಯಲ್ಲಿ ಆ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಆಯುರ್ವೇದದ ಆಚಾರ್ಯರು ಯಕೃತ್ತನ್ನೂ ಪ್ಲೀಹವನ್ನೂ ರಕ್ತವಹ ಸ್ರೋತಸ್ಸಿನ ಮೂಲವೆಂದು ಕರೆದಿದ್ದಾರೆ. ಆಹಾರರಸವು ರಂಜಕಪಿತ್ತದಿಂದ ಬಣ್ಣಗೊಂಡು ರಕ್ತವಾಗುವುದು ಇಲ್ಲಿಯೇ ಎಂಬುದು ಸುಶ್ರುತರ ಅಭಿಪ್ರಾಯ. ಗರ್ಭದಲ್ಲಿರುವ ಶಿಶುವಿನಲ್ಲಿ ಕೆಲವು ತಿಂಗಳ ಕಾಲ ರಕ್ತಕಣಗಳು ಯಕೃತ್ತಿನಲ್ಲಿಯೇ ಹುಟ್ಟುತ್ತವೆ ಎಂಬುದನ್ನು ಇಂದಿನ ವಿಜ್ಞಾನವೂ ಹೇಳುತ್ತದೆ. ಉದರರೋಗದ ಪ್ರಕರಣದಲ್ಲಿ ಹೊಟ್ಟೆಯ ಮೇಲೆ ಬಗೆಬಗೆಯ ಬಣ್ಣದ ಗೆರೆಗಳೂ ಸಿರೆಗಳೂ ಎದ್ದು ಕಾಣುತ್ತವೆ ಎಂಬ ವರ್ಣನೆಯಿದೆ. ಯಕೃತ್ತು ಗಟ್ಟಿಯಾದ ರೋಗಿಯ ಹೊಟ್ಟೆಯನ್ನು ನೋಡಿದ ಯಾರಿಗೂ ಈ ವರ್ಣನೆ ಎಷ್ಟು ನಿಖರವೆಂಬುದು ತಿಳಿಯುತ್ತದೆ. ಆದರೆ ಸೂಕ್ಷ್ಮದರ್ಶಕ ಹುಟ್ಟುವ ಮೊದಲೇ ಎಲ್ಲವನ್ನೂ ಕಂಡಿದ್ದರೆಂದು ಅವರ ಬಾಯಲ್ಲಿ ನಾವು ಮಾತು ತುರುಕಬಾರದು. ಸ್ರೋತಸ್ಸು ಎಂಬ ಕಲ್ಪನೆ ಅವರದು. ಅದರ ಒಳಗೋಡೆಯನ್ನು ಕಣ್ಣಾರೆ ಕಂಡವರು ಬೇರೆಯವರು. ಇಬ್ಬರಿಗೂ ಸಲ್ಲಬೇಕಾದ ಗೌರವ ಸಲ್ಲಲಿ.

ಎರಡು ಕಾಲುವೆಗಳ ಗದ್ದೆ

ದೇಹದ ಉಳಿದ ಅಂಗಗಳಿಗೆ ರಕ್ತ ಬರುವುದು ಅಪಧಮನಿಯಿಂದ, ಹೊರಡುವುದು ಅಭಿಧಮನಿಯಿಂದ. ಯಕೃತ್ತಿಗೆ ಮಾತ್ರ ಎರಡು ಕಡೆಯಿಂದ ರಕ್ತ ಬರುತ್ತದೆ. ಒಂದು, ಹೃದಯದಿಂದ ನೇರವಾಗಿ ಬರುವ ಅಪಧಮನಿಯ ಶುದ್ಧರಕ್ತ. ಇನ್ನೊಂದು, ಜಠರ, ಕರುಳು, ಪ್ಲೀಹಗಳನ್ನು ಸುತ್ತಿ ಆಹಾರದ ಸಾರವನ್ನು ಹೊತ್ತು ಬರುವ ದ್ವಾರಾಭಿಧಮನಿಯ ರಕ್ತ. ಒಟ್ಟು ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ಎರಡನೆಯ ದಾರಿಯಿಂದಲೇ ಬರುತ್ತದೆ. ಹೃದಯ ಹೊರಸೂಸುವ ರಕ್ತದ ಕಾಲುಭಾಗದಷ್ಟು, ಅಂದರೆ ನಿಮಿಷಕ್ಕೆ ಸರಿಸುಮಾರು ೧.೫ ಲೀಟರ್, ಸುಮಾರು ಒಂದೂವರೆ ಕೆ.ಜಿ. ತೂಕದ ಈ ಅಂಗದ ಮೂಲಕ ಹಾಯುತ್ತದೆ.

ಇಷ್ಟೊಂದು ರಕ್ತ ಹರಿದರೂ ಒಳಗಿನ ಒತ್ತಡ ಬಹಳ ಕಡಿಮೆ. ತೋಳಿನಲ್ಲಿ ನಾವು ೧೨೦/೮೦ ಎಂದು ಅಳೆಯುವ ಒತ್ತಡ ದ್ವಾರಾಭಿಧಮನಿಯಲ್ಲಿ ೫ರಿಂದ ೧೦ ಮಿ.ಮೀ. ಪಾದರಸದಷ್ಟು ಮಾತ್ರ. ಕೆರೆಯ ತೂಬಿನಿಂದ ಹೊರಟ ನೀರು ಗದ್ದೆಯಿಂದ ಗದ್ದೆಗೆ ಸದ್ದಿಲ್ಲದೆ ಹರಡುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ರಭಸವಾಗಿ ಹರಿದರೆ ಪೈರಿನ ಬುಡಕ್ಕೆ ನೀರು ಇಂಗುವುದಿಲ್ಲ.

ಯಕೃತ್ತಿನ ಆ ಗದ್ದೆಗಳಿಗೆ ಲಾಬ್ಯೂಲ್‌ಗಳೆಂದು ಹೆಸರು. ಒಂದೊಂದೂ ಸುಮಾರು ೧ರಿಂದ ೨ ಮಿ.ಮೀ. ಅಗಲದ ಆರು ಮೂಲೆಯ ಹರಹು. ಮೂಲೆಗಳಲ್ಲಿ ದ್ವಾರಾಭಿಧಮನಿಯ, ಅಪಧಮನಿಯ ಮತ್ತು ಪಿತ್ತನಾಳದ ಕಿರುಕವಲುಗಳು ಜೊತೆಜೊತೆಯಾಗಿರುತ್ತವೆ. ನಡುವೆ ಒಂದು ಕೇಂದ್ರ ಅಭಿಧಮನಿ. ಮೂಲೆಯಿಂದ ನಡುವಿಗೆ ರಕ್ತವನ್ನು ಒಯ್ಯುವ ಅತಿ ಸಣ್ಣ ನಾಳಗಳೇ ನಮ್ಮ ಇಂದಿನ ಕಥಾನಾಯಕರು. ಅವುಗಳಿಗೆ ಸೈನುಸಾಯ್ಡ್ ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯ ವೇಳೆ ಜೀವಂತ ಮನುಷ್ಯರ ಆರೋಗ್ಯವಂತ ಯಕೃತ್ತಿನ ಮೇಲ್ಮೈಗೆ ವಿಶೇಷ ಕ್ಯಾಮೆರಾ ಹಿಡಿದು ಅಳೆದಾಗ ಇವುಗಳ ಅಗಲ ಸುಮಾರು ೯ ಮೈಕ್ರೊಮೀಟರ್ ಎಂದು ಕಂಡುಬಂದಿದೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರೊಮೀಟರ್. ಕೆಂಪು ರಕ್ತಕಣದ ಅಗಲ ೭ರಿಂದ ೮ ಮೈಕ್ರೊಮೀಟರ್. ಆದ್ದರಿಂದ ಕಣಗಳು ಇಲ್ಲಿ ಒಂದರ ಹಿಂದೊಂದು ಸಾಲಾಗಿ, ಗೋಡೆಯನ್ನು ಸವರಿಕೊಂಡೇ ಸಾಗಬೇಕು. ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟು.

ದೇಹದ ಬೇರೆಡೆಯ ಲೋಮನಾಳಗಳಿಗೂ ಸೈನುಸಾಯ್ಡ್‌ಗೂ ಇರುವ ದೊಡ್ಡ ಭೇದ ಗೋಡೆಯಲ್ಲಿದೆ. ಇದರ ಗೋಡೆ ಒಂದು ಜರಡಿ. ಸುಮಾರು ೧೦೦ ನ್ಯಾನೊಮೀಟರ್, ಎಂದರೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ಅಗಲದ ರಂಧ್ರಗಳು ಗುಂಪುಗುಂಪಾಗಿ ಇದರಲ್ಲಿರುತ್ತವೆ. ಬೇರೆ ನಾಳಗಳಿಗೆ ಆಧಾರವಾಗಿ ಇರುವ ತಳಪೊರೆ ಇಲ್ಲಿ ಇಲ್ಲವೆಂದರೂ ಸರಿಯೇ. ಮಠದ ದಾಸೋಹದ ಉಗ್ರಾಣಕ್ಕೆ ಬಂದ ಧಾನ್ಯವನ್ನು ಹೇಗೆ ಬಾಗಿಲಲ್ಲಿಯೇ ಜರಡಿ ಹಿಡಿದು, ಕಲ್ಲುಮಣ್ಣು ಆರಿಸಿ ಒಳಗೆ ಬಿಡುತ್ತಾರೋ ಹಾಗೆ, ರಕ್ತಕಣಗಳು ನಾಳದಲ್ಲಿಯೇ ಉಳಿದು, ಆಹಾರದ ಸಾರ, ಔಷಧಿ, ವಿಷ ಎಲ್ಲವೂ ಕರಗಿರುವ ದ್ರವ ಮಾತ್ರ ರಂಧ್ರಗಳಿಂದ ದಾಟಿ ಯಕೃತ್ಕೋಶಗಳನ್ನು ಮುಟ್ಟುತ್ತದೆ. ಗೋಡೆಗೆ ಅಂಟಿಕೊಂಡ ಕುಪ್ಫರ್ ಕೋಶಗಳು ಕರುಳಿನಿಂದ ನುಸುಳಿ ಬಂದ ಕ್ರಿಮಿಗಳನ್ನು ಹಿಡಿದು ನುಂಗುತ್ತವೆ. ಗೋಡೆಗೂ ಯಕೃತ್ಕೋಶಕ್ಕೂ ನಡುವಿನ ಸಣ್ಣ ಸಂದಿನಲ್ಲಿ ನಕ್ಷತ್ರಾಕಾರದ ಕೋಶಗಳು 'ಎ' ಜೀವಸತ್ವವನ್ನು ಕೂಡಿಟ್ಟುಕೊಂಡು ಸುಮ್ಮನಿರುತ್ತವೆ. ಈ ಸುಮ್ಮನಿರುವವರನ್ನು ನೆನಪಿನಲ್ಲಿಡಿ. ಮುಂದೆ ಇವರೇ ತೊಂದರೆ ಕೊಡುವವರು.

ಕಂಡವರು ಯಾರು?

ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ವಿಲಿಯಂ ಹಾರ್ವೆ ೧೬೨೮ರಲ್ಲಿ ತೋರಿಸಿಕೊಟ್ಟರೂ, ಅಪಧಮನಿಗೂ ಅಭಿಧಮನಿಗೂ ನಡುವಿನ ಸೇತುವೆ ಅವರಿಗೆ ಕಂಡಿರಲಿಲ್ಲ. ೧೬೫೪ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗ್ಲಿಸನ್ ಯಕೃತ್ತನ್ನು ಕುರಿತೇ ಒಂದು ಗ್ರಂಥ ಬರೆದರು; ಯಕೃತ್ತಿನ ಹೊದಿಕೆಗೆ ಇಂದಿಗೂ ಅವರ ಹೆಸರೇ ಇದೆ. ೧೬೬೧ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪಿಘಿ ಕಪ್ಪೆಯ ಪುಪ್ಪುಸದಲ್ಲಿ ಲೋಮನಾಳಗಳನ್ನು ಸೂಕ್ಷ್ಮದರ್ಶಕದಿಂದ ಕಂಡರು, ಸೇತುವೆ ಸಿಕ್ಕಿತು. ಯಕೃತ್ತಿನ ಲಾಬ್ಯೂಲ್‌ಗಳ ಸ್ಪಷ್ಟ ಚಿತ್ರ ಬಂದುದು ೧೮೩೩ರಲ್ಲಿ, ಫ್ರಾನ್ಸಿಸ್ ಕೀರ್ನನ್ ಅವರಿಂದ.

ಆದರೆ ಜರಡಿಯ ರಂಧ್ರಗಳು ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸಿಗುವಂಥವಲ್ಲ. ಬೆಳಕಿನ ಅಲೆಗೇ ಒಂದು ಉದ್ದವಿರುವುದರಿಂದ ೨೦೦ ನ್ಯಾನೊಮೀಟರಿಗಿಂತ ಸಣ್ಣದನ್ನು ಅದು ಬಿಡಿಸಿ ತೋರಿಸಲಾರದು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೂ ವಿವಾದ ಮುಗಿಯಲಿಲ್ಲ. ಕಂಡ ತೂತುಗಳು ನಿಜವೋ, ಅಂಗಾಂಶವನ್ನು ಕತ್ತರಿಸಿ ಒಣಗಿಸುವಾಗ ಹರಿದವೋ ಎಂಬ ಸಂಶಯವಿತ್ತು. ೧೯೭೦ರಲ್ಲಿ ಎಡ್ಡಿ ವಿಸ್ಸೆ ಎಂಬ ವಿಜ್ಞಾನಿ ಇಲಿಯ ಯಕೃತ್ತನ್ನು ಕತ್ತರಿಸುವ ಮೊದಲೇ ಅದರ ರಕ್ತನಾಳದ ಮೂಲಕ ಸ್ಥಿರೀಕರಿಸುವ ದ್ರವವನ್ನು ಹಾಯಿಸಿ, ಎಲ್ಲವನ್ನೂ ಇದ್ದಲ್ಲಿಯೇ ಹಿಡಿದು ನಿಲ್ಲಿಸಿ ನೋಡಿದರು. ರಂಧ್ರಗಳು ಜರಡಿಯ ತಟ್ಟೆಗಳಂತೆ ಅಚ್ಚುಕಟ್ಟಾಗಿ ಕಂಡವು. ಸಣ್ಣದನ್ನು ಅಳೆಯುವಲ್ಲಿ ಉಪಕರಣದಷ್ಟೇ ಸಿದ್ಧತೆಯೂ ಮುಖ್ಯ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ತೋಚದು.

ಇನ್ನೊಂದು ಉಪಾಯ ಎರಕದ್ದು. ಅರಳಿ ಎಲೆಯನ್ನು ನೀರಿನಲ್ಲಿ ಕೊಳೆಸಿ, ಹಸಿರೆಲ್ಲ ಕಳೆದ ಮೇಲೆ ಉಳಿಯುವ ನರಗಳ ಬಲೆಯನ್ನು ಬಾಲ್ಯದಲ್ಲಿ ಪುಸ್ತಕದೊಳಗೆ ಇಡದವರು ವಿರಳ. ಹಾಗೆಯೇ ಯಕೃತ್ತಿನ ನಾಳಗಳಿಗೆ ರಾಳದಂಥ ದ್ರವ ತುಂಬಿ, ಅದು ಗಟ್ಟಿಯಾದ ಮೇಲೆ ಕ್ಷಾರದಲ್ಲಿ ಅಂಗಾಂಶವನ್ನು ಕರಗಿಸಿದರೆ ನಾಳಗಳ ಬಲೆ ಮಾತ್ರ ಉಳಿಯುತ್ತದೆ. ಇಂದು ಮೈಕ್ರೊ ಸಿ.ಟಿ. ಯಂತ್ರದಲ್ಲಿಟ್ಟು ಅಂತಹ ಬಲೆಯ ಪ್ರತಿ ಕವಲಿನ ಅಗಲ, ಉದ್ದ, ಕವಲೊಡೆಯುವ ಕೋನಗಳನ್ನು ಗಣಕದಿಂದ ಎಣಿಸಬಹುದು. ಆರೋಗ್ಯವಂತ ಯಕೃತ್ತಿನ ಬಲೆ ಹದವಾಗಿ ನೇಯ್ದ ಬಟ್ಟೆಯಂತಿದ್ದರೆ, ಸಿರೋಸಿಸ್ ಆದ ಯಕೃತ್ತಿನದು ಗಂಟುಗಳ ಸುತ್ತ ಅಡ್ಡಾದಿಡ್ಡಿ ಹೆಣೆದ ಬುಟ್ಟಿಗಳಂತೆ ಕಾಣುತ್ತದೆ.

ಕೆರೆ ಕೋಡಿ ಬೀಳುವ ಬಗೆ

ರೋಗದಲ್ಲಿ ಏನಾಗುತ್ತದೆ? ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಇಂದು ಎಲ್ಲಕ್ಕಿಂತ ಹೆಚ್ಚಾಗಿ ಬೊಜ್ಜು ಮತ್ತು ಮಧುಮೇಹದ ಜೊತೆ ಬರುವ ಕೊಬ್ಬು, ಯಾವುದೇ ಕಾರಣವಿರಲಿ, ಪೆಟ್ಟು ದೀರ್ಘಕಾಲ ಮುಂದುವರಿದರೆ ಮೊದಲು ಕೆಡುವುದರಲ್ಲಿ ಜರಡಿಯೂ ಒಂದು. ರಂಧ್ರಗಳು ಮುಚ್ಚುತ್ತವೆ, ಇಲ್ಲದಿದ್ದ ತಳಪೊರೆ ಬೆಳೆಯುತ್ತದೆ, ಸೈನುಸಾಯ್ಡ್ ಸಾಮಾನ್ಯ ಲೋಮನಾಳದಂತಾಗುತ್ತದೆ. ೧೯೬೩ರಲ್ಲಿ ಶಾಫ್ನರ್ ಮತ್ತು ಪಾಪ್ಪರ್ ಈ ಬದಲಾವಣೆಯನ್ನು ಗುರುತಿಸಿದರು. ಸುಮ್ಮನಿದ್ದ ನಕ್ಷತ್ರಕೋಶಗಳು ಆಗ ಎಚ್ಚೆತ್ತು, ಕೂಡಿಟ್ಟಿದ್ದ ಜೀವಸತ್ವವನ್ನು ಕಳೆದುಕೊಂಡು, ನಾರನ್ನು ಹೆಣೆಯತೊಡಗುತ್ತವೆ. ನಾಳವನ್ನು ಹೊರಗಿನಿಂದ ಹಿಸುಕಲೂ ತೊಡಗುತ್ತವೆ. ಕೊಬ್ಬು ತುಂಬಿ ಉಬ್ಬಿದ ಯಕೃತ್ಕೋಶಗಳು ಕೂಡ ಸೈನುಸಾಯ್ಡ್‌ಗಳ ಮೇಲೆ ಒತ್ತಿ ದಾರಿಯನ್ನು ಕಿರಿದಾಗಿಸುತ್ತವೆ.

ಗದ್ದೆಗಳಿಗೆ ಹೋಗುವ ಕಾಲುವೆಗಳಲ್ಲಿ ಹೂಳು ತುಂಬಿದರೆ ಕೆರೆಯ ಮಟ್ಟ ಏರುತ್ತದೆ, ಕೊನೆಗೆ ಕೋಡಿ ಬೀಳುತ್ತದೆ. ದ್ವಾರಾಭಿಧಮನಿಯಲ್ಲಿಯೂ ಹೀಗೆಯೇ. ಏರಿದ ಒತ್ತಡದಿಂದ ಪ್ಲೀಹ ಉಬ್ಬುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ಕೆಳಗಿನ ಸಣ್ಣ ಸಿರೆಗಳು ಹಿಗ್ಗಿ ಹಾವಿನಂತೆ ಸುರುಳಿಯಾಗುತ್ತವೆ. ಅವು ಒಡೆದರೆ ರಕ್ತವಾಂತಿ. ಆಗ ಗಂಟೆಗಳ ಲೆಕ್ಕ, ದಿನಗಳದ್ದಲ್ಲ. ಶೋಧನೆಯಾಗದ ರಕ್ತ ಅಡ್ಡದಾರಿಯಿಂದ ಮಿದುಳಿಗೆ ಹೋಗಿ, ರೋಗಿ ಹಗಲು ನಿದ್ರಿಸಿ ರಾತ್ರಿ ಎಚ್ಚರವಿರುವುದು, ಅಸಂಬದ್ಧವಾಗಿ ಮಾತನಾಡುವುದು ಕಾಣಬಹುದು. ಮನೆಯವರು ಇದನ್ನು ಮುಪ್ಪಿನ ಮರೆವೆಂದೋ ಗಾಳಿ ಸೋಂಕಿದೆಯೆಂದೋ ತಿಳಿದು ಕಾಲ ಕಳೆಯುವುದುಂಟು.

ಜೀವಂತ ಯಕೃತ್ತನ್ನು ಅಳೆಯುವುದು

ಸಿ.ಟಿ. ಸ್ಕ್ಯಾನ್ ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ವಸ್ತು ಸುಮಾರು ಅರ್ಧ ಮಿಲಿಮೀಟರ್. ಸುಮಾರು ಐವತ್ತು ಸೈನುಸಾಯ್ಡ್‌ಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಆ ಅರ್ಧ ಮಿಲಿಮೀಟರ್ ತುಂಬುತ್ತದೆ. ಆದ್ದರಿಂದ ವೈದ್ಯರು ನಾಳವನ್ನು ನೇರವಾಗಿ ನೋಡುವುದನ್ನು ಬಿಟ್ಟು, ಅದರ ಪರಿಣಾಮವನ್ನು ಅಳೆಯುತ್ತಾರೆ.

ಡಾಪ್ಲರ್ ಪರೀಕ್ಷೆಯಲ್ಲಿ ದ್ವಾರಾಭಿಧಮನಿಯ ರಕ್ತದ ದಿಕ್ಕು, ವೇಗ ತಿಳಿಯುತ್ತವೆ. ಒಳಗೆ ತಡೆಯಿದ್ದರೆ ಹರಿವು ನಿಧಾನವಾಗುತ್ತದೆ. ರೋಗ ಬಲಿತಾಗ ರಕ್ತ ಯಕೃತ್ತಿಗೆ ಬರುವ ಬದಲು ಹಿಮ್ಮುಖವಾಗಿ ಹರಿಯುವುದೂ ಉಂಟು. ಇದು ಸೂಜಿಯಿಲ್ಲದ, ಕಡಿಮೆ ವೆಚ್ಚದ ಪರೀಕ್ಷೆ.

ಒತ್ತಡವನ್ನೇ ಅಳೆಯುವ ವಿಧಾನ ೧೯೫೧ರಿಂದ ಇದೆ. ಕುತ್ತಿಗೆಯ ಅಭಿಧಮನಿಯಿಂದ ತೆಳುವಾದ ನಳಿಕೆಯನ್ನು ಇಳಿಸಿ ಯಕೃತ್ತಿನ ಅಭಿಧಮನಿಯನ್ನು ತಲುಪಿಸುತ್ತಾರೆ. ನಳಿಕೆಯ ತುದಿಯ ಪುಟ್ಟ ಬಲೂನನ್ನು ಉಬ್ಬಿಸಿ ಆ ಕವಲನ್ನು ಮುಚ್ಚಿದರೆ ಹಿಂದಿನ ರಕ್ತ ನಿಂತ ನೀರಿನಂತಾಗಿ, ಸೈನುಸಾಯ್ಡ್‌ಗಳ ಒತ್ತಡ ನಳಿಕೆಗೆ ತಿಳಿಯುತ್ತದೆ. ಬಲೂನು ಇಳಿಸಿದಾಗಿನ ಒತ್ತಡವನ್ನು ಅದರಿಂದ ಕಳೆದರೆ ಉಳಿಯುವುದೇ ಬೇಕಾದ ಅಂಕಿ. ಆರೋಗ್ಯದಲ್ಲಿ ಅದು ೧ರಿಂದ ೫ ಮಿ.ಮೀ. ಪಾದರಸ. ೧೦ ದಾಟಿದರೆ ತೊಡಕುಗಳು ಹತ್ತಿರವಾದವೆಂದೂ, ೧೨ ದಾಟಿದರೆ ಅನ್ನನಾಳದ ಸಿರೆಗಳು ಒಡೆಯುವ ಭಯವಿದೆಯೆಂದೂ ಅರ್ಥ. ಇಷ್ಟು ಸಣ್ಣ ಅಂಕಿಗಳ ನಡುವೆ ಜೀವನ್ಮರಣದ ಗೆರೆ ಇರುವುದು ಸೋಜಿಗವೇ ಸರಿ. ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಈ ಪರೀಕ್ಷೆ ಸಾಧ್ಯ.

ಬಯಾಪ್ಸಿಯಲ್ಲಿ ಸೂಜಿಯಿಂದ ತೆಗೆದ ಎಳೆಯಷ್ಟು ಅಂಗಾಂಶದಲ್ಲಿ ನಾಳಗಳನ್ನು ನೇರವಾಗಿಯೇ ಕಾಣಬಹುದು. ಆದರೆ ಆ ಎಳೆ ಇಡೀ ಯಕೃತ್ತಿನ ಐವತ್ತು ಸಾವಿರದ ಒಂದು ಭಾಗದಷ್ಟು ಮಾತ್ರ. ಒಂದು ಹಿಡಿ ಮಣ್ಣು ನೋಡಿ ಇಡೀ ಹೊಲದ ಫಲವತ್ತತೆ ಹೇಳಿದಂತೆ.

ಸಾಮಾನ್ಯರಿಗೆ ಈಗ ಹೆಚ್ಚು ಎಟಕುವುದು ಫೈಬ್ರೋಸ್ಕ್ಯಾನ್. ೨೦೦೩ರ ಸುಮಾರಿಗೆ ಬಳಕೆಗೆ ಬಂದ ಈ ಯಂತ್ರ ಪಕ್ಕೆಲುಬುಗಳ ನಡುವೆ ಮೆಲ್ಲನೆ ತಟ್ಟುತ್ತದೆ. ಆ ತಟ್ಟಿನ ಅಲೆ ಯಕೃತ್ತಿನಲ್ಲಿ ಎಷ್ಟು ವೇಗವಾಗಿ ಹರಿಯಿತೆಂದು ಅಲ್ಟ್ರಾಸೌಂಡ್‌ನಿಂದ ನೋಡುತ್ತದೆ. ಹಣ್ಣಾದ ಪಪ್ಪಾಯಿಗೂ ಕಾಯಿಗೂ ಬೆರಳಲ್ಲಿ ತಟ್ಟಿ ಭೇದ ತಿಳಿಯುವಂತೆ. ಗಟ್ಟಿಯಾದಷ್ಟೂ ಅಲೆ ವೇಗ. ಫಲಿತಾಂಶ ಕಿಲೊಪಾಸ್ಕಲ್ ಎಂಬ ಮಾನದಲ್ಲಿರುತ್ತದೆ. ೬ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ನೆಮ್ಮದಿ. ೧೦ಕ್ಕಿಂತ ಕಡಿಮೆಯಿದ್ದು ಬೇರೆ ಲಕ್ಷಣಗಳಿಲ್ಲದಿದ್ದರೆ ಬಲಿತ ರೋಗವಿಲ್ಲವೆನ್ನಬಹುದು. ೧೫ ದಾಟಿದರೆ ಬಲಿತ ರೋಗದ ಶಂಕೆ ಬಲವಾಗಿರುತ್ತದೆ. ೨೦ರ ಒಳಗಿದ್ದು ರಕ್ತದ ಪ್ಲೇಟ್‌ಲೆಟ್ ಎಣಿಕೆ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ, ಸಿರೆ ಒಡೆಯುವ ಅಪಾಯ ಕಡಿಮೆಯೆಂದು ಎಂಡೋಸ್ಕೋಪಿಯನ್ನು ಸದ್ಯಕ್ಕೆ ಮುಂದೂಡಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಪರೀಕ್ಷೆಗೆ ಮೊದಲು ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು. ಊಟವಾದೊಡನೆ ದ್ವಾರಾಭಿಧಮನಿಯ ಹರಿವು ಹೆಚ್ಚಿ ಯಕೃತ್ತು ಗಟ್ಟಿಯಾಗಿ ತೋರುತ್ತದೆ. ಶಿಬಿರಕ್ಕೆ ದೂರದ ಊರಿಂದ ಬಂದವರು ಮೊದಲು ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ ಆಮೇಲೆ ಸಾಲಿನಲ್ಲಿ ನಿಂತರೆ ಅಂಕಿ ಏರುತ್ತದೆ, ಅನವಶ್ಯಕ ಭಯ ಹುಟ್ಟುತ್ತದೆ. ಪರೀಕ್ಷೆ ಮೊದಲು, ಪ್ರಸಾದ ಅನಂತರ. ಕಾಮಾಲೆ ಇರುವಾಗ, ಹೃದಯ ಸೋತಿರುವಾಗ ಕೂಡ ಅಂಕಿ ಸುಳ್ಳಾಗಿ ಏರುತ್ತದೆ.

ಯಕೃತ್ತಿನ ಕ್ಯಾನ್ಸರ್ ಗುರುತಿಸಲು ರಕ್ತನಾಳವೇ ಸಾಕ್ಷಿ ಹೇಳುತ್ತದೆ. ಯಕೃತ್ತಿನ ಉಳಿದ ಭಾಗ ಮುಖ್ಯವಾಗಿ ದ್ವಾರಾಭಿಧಮನಿಯಿಂದ ಪೋಷಣೆ ಪಡೆದರೆ, ಗಡ್ಡೆ ಅಪಧಮನಿಯಿಂದ ಹೀರುತ್ತದೆ. ಸಿ.ಟಿ.ಯಲ್ಲಿ ಬಣ್ಣದ ದ್ರವ ಕೊಟ್ಟಾಗ ಗಡ್ಡೆ ಮೊದಲು ಹೊಳೆದು, ಆಮೇಲೆ ಸುತ್ತಲಿನದಕ್ಕಿಂತ ಮಂಕಾಗುತ್ತದೆ. ಕೆಂಪುಕಣಕ್ಕಿಂತ ಸಣ್ಣದಾದ ಅನಿಲದ ಗುಳ್ಳೆಗಳನ್ನು ರಕ್ತಕ್ಕೆ ಸೇರಿಸಿ ಅಲ್ಟ್ರಾಸೌಂಡ್‌ನಲ್ಲಿ ನೋಡುವ ವಿಧಾನವೂ ಇದೆ. ಗುಳ್ಳೆಯ ಅನಿಲ ಉಸಿರಿನಲ್ಲಿ ಹೊರಹೋಗುತ್ತದೆ. ಒಂದೊಂದು ಗುಳ್ಳೆಯ ಸ್ಥಾನವನ್ನೂ ಗುರುತಿಸುತ್ತ ಹೋದರೆ, ಜಾತ್ರೆಯ ರಾತ್ರಿ ದೀಪ ಹಿಡಿದು ನಡೆದವರ ಜಾಡಿನಿಂದ ಓಣಿಗಳ ನಕ್ಷೆ ತಿಳಿದಂತೆ, ಅತಿ ಸಣ್ಣ ನಾಳಗಳ ಚಿತ್ರ ಮೂಡುತ್ತದೆ. ೨೦೧೫ರಲ್ಲಿ ಇಲಿಯ ಮಿದುಳಿನಲ್ಲಿ ಇದು ಸಾಧ್ಯವಾಯಿತು. ಯಕೃತ್ತು ಉಸಿರಿನೊಡನೆ ಮೇಲೆ ಕೆಳಗೆ ಸರಿಯುವುದರಿಂದ ಮನುಷ್ಯರಲ್ಲಿ ಇನ್ನೂ ಕಷ್ಟದ ಕೆಲಸ.

ನಾಳವೇ ರೋಗವಾದಾಗ

ಯಕೃತ್ಕೋಶ ಚೆನ್ನಾಗಿದ್ದು ನಾಳ ಮಾತ್ರ ಕೆಡುವ ರೋಗಗಳೂ ಇವೆ. ನಮ್ಮ ದೇಶದಲ್ಲಿ ಕಾಣುವ ಒಂದು ರೋಗದಲ್ಲಿ ಸಿರೋಸಿಸ್ ಇರುವುದಿಲ್ಲ, ಕಾಮಾಲೆ ಇರುವುದಿಲ್ಲ, ಯಕೃತ್ತಿನ ರಕ್ತಪರೀಕ್ಷೆಗಳು ಬಹುಮಟ್ಟಿಗೆ ಸರಿಯಾಗಿರುತ್ತವೆ; ಆದರೂ ಪ್ಲೀಹ ಬಹಳ ದೊಡ್ಡದಾಗಿ, ಒಂದು ದಿನ ರಕ್ತವಾಂತಿಯಾಗುತ್ತದೆ. ದ್ವಾರಾಭಿಧಮನಿಯ ಕಿರುಕವಲುಗಳು ದಪ್ಪಗಟ್ಟಿ ಮುಚ್ಚಿಹೋಗಿರುವುದೇ ಕಾರಣ. ತಡೆ ಸೈನುಸಾಯ್ಡ್‌ಗಿಂತ ಮೊದಲೇ ಇರುವುದರಿಂದ, ಆಗಲೇ ಹೇಳಿದ ಬಲೂನಿನ ಪರೀಕ್ಷೆಯೂ ಇಲ್ಲಿ ಹೆಚ್ಚಾಗಿ ಸಹಜಕ್ಕೆ ಹತ್ತಿರದ ಅಂಕಿಯನ್ನೇ ಕೊಡುತ್ತದೆ. ಎಡಪಕ್ಕೆಯ ಕೆಳಗೆ ಗಡ್ಡೆಯಂತೆ ಕೈಗೆ ಸಿಗುವ ಪ್ಲೀಹವನ್ನು ವರದಿ ಸರಿಯಿದೆಯೆಂದು ಅಲಕ್ಷಿಸಬಾರದು.

ಇನ್ನೊಂದನ್ನು ಆಯುರ್ವೇದ ವೈದ್ಯನಾಗಿ ನಾನೇ ಹೇಳುವುದು ಲೇಸು. ಕೆಲವು ಸಸ್ಯಗಳಲ್ಲಿರುವ ಪೈರೊಲಿಜಿಡಿನ್ ಎಂಬ ಕ್ಷಾರವಸ್ತುಗಳು ಯಕೃತ್ಕೋಶದಲ್ಲಿ ವಿಷವಾಗಿ ಮಾರ್ಪಟ್ಟು ಸೈನುಸಾಯ್ಡ್‌ನ ಒಳಗೋಡೆಯನ್ನೇ ಸುಲಿಯುತ್ತವೆ. ಕಿತ್ತುಬಂದ ಕೋಶಗಳು ಮುಂದಿನ ದಾರಿಯನ್ನು ಕಟ್ಟುತ್ತವೆ. ಬಲಪಕ್ಕೆಯಲ್ಲಿ ನೋವು, ಕೆಲವೇ ದಿನಗಳಲ್ಲಿ ಏರುವ ತೂಕ, ಹೊಟ್ಟೆಯಲ್ಲಿ ನೀರು ಇದರ ಲಕ್ಷಣ. ಜಮೈಕಾ ದ್ವೀಪದಲ್ಲಿ ಕಾಡುಸೊಪ್ಪಿನ ಕಷಾಯ ಕುಡಿದ ಮಕ್ಕಳಲ್ಲಿ ೧೯೫೦ರ ದಶಕದಲ್ಲಿ ಇದನ್ನು ವರ್ಣಿಸಿದರು. ೧೯೭೦ರ ದಶಕದಲ್ಲಿ ಅಂದಿನ ಮಧ್ಯಪ್ರದೇಶದ, ಇಂದಿನ ಛತ್ತೀಸ್‌ಗಢದ ಸರ್ಗುಜಾ ಜಿಲ್ಲೆಯಲ್ಲಿ ಸಾಮೆ ಜಾತಿಯ ಕಿರುಧಾನ್ಯದೊಡನೆ ಸೆಣಬಿನ ಕುಲದ ಕಾಡುಗಿಡವೊಂದರ ಬೀಜ ಬೆರೆತು ಹಳ್ಳಿಗರು ಈ ರೋಗದಿಂದ ಸತ್ತರು. ಚೀನಾದಲ್ಲಿ ಒಂದು ಮೂಲಿಕೆಯೆಂದು ತಿಳಿದು ಅದನ್ನು ಹೋಲುವ ಇನ್ನೊಂದನ್ನು ಸೇವಿಸಿ ಇಂದಿಗೂ ಜನ ಆಸ್ಪತ್ರೆ ಸೇರುತ್ತಾರೆ.

ನಮ್ಮಲ್ಲಿಯೂ ಹೆಸರಿನ ಗೊಂದಲಕ್ಕೆ ಕೊರತೆಯಿಲ್ಲ. ಶಂಖಪುಷ್ಪಿಗೂ ಶಣಪುಷ್ಪಿಗೂ ಒಂದಕ್ಷರದ ಅಂತರ. ಮೊದಲನೆಯದು ಮೇಧ್ಯ, ಎರಡನೆಯದು ಅದೇ ಸೆಣಬಿನ ಕುಲದ್ದು, ಚರಕರು ವಾಂತಿ ಮಾಡಿಸಲು ಹೇಳಿದ ದ್ರವ್ಯ, ದಿನನಿತ್ಯ ಕುಡಿಯುವುದಕ್ಕಲ್ಲ. ಕಾಮಾಲೆಗೆ ಗುಟ್ಟಿನ ಸೊಪ್ಪು ಅರೆದು ಕೊಡುವವರು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದಾರೆ. ಹೆಪಟೈಟಿಸ್ ಎ ಬಹುಪಾಲು ತಾನಾಗಿಯೇ ಗುಣವಾಗುತ್ತದೆ, ಕೀರ್ತಿ ಸೊಪ್ಪಿಗೆ ಹೋಗುತ್ತದೆ. ಹೆಸರು ಹೇಳಲೊಪ್ಪದ ಸೊಪ್ಪನ್ನು ಯಾರಿಂದಲೂ ಸ್ವೀಕರಿಸಬೇಡಿ, ಕೊಡುವವನು ವೈದ್ಯನಾಗಿದ್ದರೂ ಸರಿ. ಈಗಾಗಲೇ ಸೇವಿಸುತ್ತಿದ್ದರೆ ಚೀಟಿ, ಪುಡಿ, ಸೀಸೆ ಏನಿದೆಯೋ ಅದನ್ನು ಯಕೃತ್ತಿನ ತಜ್ಞರಲ್ಲಿಗೆ ಹೋಗುವಾಗ ಜೊತೆಗೆ ಒಯ್ಯಿರಿ. ಬಯ್ದಾರೆಂದು ಮುಚ್ಚಿಟ್ಟರೆ ರೋಗದ ಮೂಲ ಸಿಗುವುದಿಲ್ಲ.

ನಾರುಗಟ್ಟಿದ ಯಕೃತ್ತು ಹಿಂದಿರುಗಲಾರದೆಂದು ನಾವು ಓದುವಾಗ ಕಲಿಸುತ್ತಿದ್ದರು. ಆ ಮಾತು ಈಗ ಪೂರ್ಣವಾಗಿ ಉಳಿದಿಲ್ಲ. ಹೆಪಟೈಟಿಸ್ ಸಿ ಔಷಧಿಯಿಂದ ವಾಸಿಯಾದವರಲ್ಲಿ, ಮದ್ಯವನ್ನು ಪೂರ್ತಿ ಬಿಟ್ಟವರಲ್ಲಿ, ದೇಹತೂಕವನ್ನು ಶೇ. ೭ರಿಂದ ೧೦ರಷ್ಟು ಇಳಿಸಿದ ಕೊಬ್ಬಿನ ಯಕೃತ್ತಿನವರಲ್ಲಿ ನಾರು ಕರಗುವುದನ್ನು ಬಯಾಪ್ಸಿಯಲ್ಲಿಯೇ ಕಂಡಿದ್ದಾರೆ. ೮೦ ಕೆ.ಜಿ. ತೂಗುವವರಿಗೆ ಅದು ೬ರಿಂದ ೮ ಕೆ.ಜಿ. ಮಾತ್ರ. ಆದರೆ ಒಮ್ಮೆ ಹಿಗ್ಗಿದ ಅನ್ನನಾಳದ ಸಿರೆಗಳು ಅಷ್ಟೇ ಬೇಗ ಕುಗ್ಗುವುದಿಲ್ಲ. ಆದ್ದರಿಂದ ಫೈಬ್ರೋಸ್ಕ್ಯಾನ್ ಅಂಕಿ ಇಳಿದ ಮೇಲೂ, ಸಿರೋಸಿಸ್ ಇದ್ದವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುವುದನ್ನೂ ತಜ್ಞರು ಹೇಳಿದ ಅವಧಿಗೆ ಎಂಡೋಸ್ಕೋಪಿಗೆ ಹೋಗುವುದನ್ನೂ ನಿಲ್ಲಿಸುವಂತಿಲ್ಲ.